ಶಿಶುಗಳ ಚಲಚ್ಚಿತ್ರಗಳೂ ಔಚಿತ್ಯವಿಚಾರವೂ

೧

ಮಕ್ಕಳಿಗೆ ಹೇಳತಕ್ಕ ಮಾತು ಯಾವುದು, ಹೇಳಬಾರದ ಮಾತು ಯಾವುದು ಎಂಬ ವಿಚಾರವು ಭಾರತೀಯ ಸಾಹಿತ್ಯಕ್ಕೆ ಹೊಸದಲ್ಲ. ಮಹಿಳಾರೋಪ್ಯದ ಅಮರಶಕ್ತಿ ರಾಜನ ಮೂವರು ಮಂದಮತಿಗಳಾದ ಕುಮಾರರನ್ನು ಆರು ತಿಂಗಳೊಳಗೆ ನೀತಿಜ್ಞರನ್ನಾಗಿ ಮಾಡುವೆನೆಂದು ಪಣತೊಟ್ಟ ವಿಷ್ಣುಶರ್ಮನು ಅವರ ಮುಂದೆ ವ್ಯಾಕರಣಸೂತ್ರಗಳನ್ನಿಡಲಿಲ್ಲ. ಸಿಂಹ ವೃಷಭ ಕಾಕ ಕೂರ್ಮಗಳ ಕಥೆಗಳನ್ನಿಟ್ಟನು. ಆ ಕಥಾಸಂಪ್ರದಾಯವನ್ನು ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ವಸುಭಾಗನ ಪಾಠವನ್ನನುಸರಿಸಿ ಕನ್ನಡಕ್ಕೆ ತಂದನು. ಇಪ್ಪತ್ತನೆಯ ಶತಮಾನದಲ್ಲಿ ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮುಂತಾದವರು ಕನ್ನಡದ ಮಗುವಿಗೆ ಹಾಡಿಕೊಳ್ಳಲು ಹಾಡುಗಳನ್ನಿತ್ತರು. ೧೯೩೬ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದು ಲೋಕದ ಪದಾರ್ಥಜ್ಞಾನವನ್ನು ಚಿತ್ರಸಮೇತವಾಗಿ ಮಕ್ಕಳ ಕೈಯಲ್ಲಿಟ್ಟರು. ಈ ಪರಂಪರೆಯಲ್ಲೆಲ್ಲ ಒಂದು ಸಮಾನಾಂಶವು ಕಂಡುಬರುತ್ತದೆ. ಕೃತಿಗೂ ಮಗುವಿಗೂ ನಡುವೆ ತಾಯಿಯೋ ಅಜ್ಜಿಯೋ ಉಪಾಧ್ಯಾಯನೋ ಒಬ್ಬರು ಇರುತ್ತಿದ್ದರು. ಓದಿ ಹೇಳುವವರು ಅವರೇ, ಬಿಡಬೇಕಾದುದನ್ನು ಬಿಡುವವರೂ ಅವರೇ, ಮಗುವು ಪ್ರಶ್ನೆ ಕೇಳಿದಾಗ ಉತ್ತರಿಸುವವರೂ ಅವರೇ.

ಈಗಿನ ಶಿಶುವಿಗೆ ಮೊದಲ ಹಾಡು ಮೊದಲ ಕಥೆಗಳು ಬಹುಮಟ್ಟಿಗೆ ಮೊಬೈಲಿನ ಪರದೆಯಿಂದ ದೊರೆಯುತ್ತಿವೆ. ಇಲ್ಲಿ ಆ ಮಧ್ಯವರ್ತಿಯ ಸ್ಥಾನವು ತೆರವಾಗಿದೆ. ಆದರೂ ಸಾಹಿತ್ಯವಿಮರ್ಶೆಯು ಈ ಕಡೆಗೆ ಕಣ್ಣು ಹಾಯಿಸಿರುವುದು ಅತ್ಯಲ್ಪ. ಒಂದು ಕಾವ್ಯದ ಪಾಠಾಂತರಕ್ಕಾಗಿ ಹತ್ತು ಪುಟ ಬರೆಯುವ ವಿದ್ವಾಂಸರು ಲಕ್ಷಾಂತರ ಶಿಶುಗಳು ದಿನಕ್ಕೆ ಹತ್ತು ಬಾರಿ ಕೇಳುವ ಹಾಡಿನ ಗುಣದೋಷಗಳನ್ನು ಕುರಿತು ಹತ್ತು ಸಾಲನ್ನೂ ಬರೆಯುವುದಿಲ್ಲ. ಅದು ಸಾಹಿತ್ಯವಲ್ಲ, ವಿನೋದಮಾತ್ರ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಆದರೆ ಮಗುವು ಭಾಷೆಯನ್ನೂ ಲೋಕವನ್ನೂ ಒಟ್ಟಿಗೆ ಕಲಿಯುವ ವಯಸ್ಸಿನಲ್ಲಿ ಅದಕ್ಕೆ ದೊರೆಯುವ ಮಾತು ಯಾವುದೋ ಅದೇ ಅದರ ಪಾಲಿಗೆ ಸಾಹಿತ್ಯವೆಂಬುದನ್ನು ಒಪ್ಪಲೇಬೇಕು.

೨

ಶಿಶುಗಳಿಗಾಗಿ ವೀಡಿಯೊ ಆರಿಸುವ ತಾಯಿತಂದೆಗಳು ಸಾಮಾನ್ಯವಾಗಿ ಎರಡು ಗುಣಗಳನ್ನು ಅಪೇಕ್ಷಿಸುತ್ತಾರೆ: ಅದು ನಿರಪಾಯವಾಗಿರಬೇಕು, ಬೋಧಕವಾಗಿರಬೇಕು. ಇವೆರಡನ್ನೂ ಯಂತ್ರವೇ ನೋಡಿಕೊಳ್ಳುವುದೆಂಬ ಭರವಸೆಯು ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಇತ್ತೀಚಿನ ಇತಿಹಾಸದಿಂದ ತಿಳಿಯಬಹುದು.

ಯೂಟ್ಯೂಬು ಸಂಸ್ಥೆಯು ಮಕ್ಕಳಿಗಾಗಿಯೇ ಬೇರೆಯಾಗಿ 'ಯೂಟ್ಯೂಬ್ ಕಿಡ್ಸ್' ಎಂಬ ವ್ಯವಸ್ಥೆಯನ್ನು ೨೦೧೫ರಲ್ಲಿ ಅಮೆರಿಕದಲ್ಲಿಯೂ ೨೦೧೬ರಲ್ಲಿ ಭಾರತದಲ್ಲಿಯೂ ಆರಂಭಿಸಿತು. ೨೦೧೭ರಲ್ಲಿ, ಮಕ್ಕಳ ಪ್ರಿಯಪಾತ್ರಗಳ ವೇಷ ಧರಿಸಿ ಹಿಂಸೆಯನ್ನೂ ಅಸಭ್ಯವನ್ನೂ ತೋರಿಸುವ ಚಿತ್ರಗಳು ಈ ಪ್ರತ್ಯೇಕ ವಿಭಾಗದೊಳಗೂ ನುಸುಳಿವೆಯೆಂಬುದು ಬೆಳಕಿಗೆ ಬಂದು ಜಗತ್ತಿನಾದ್ಯಂತ ಗದ್ದಲವಾಯಿತು. ಸಂಸ್ಥೆಯು ಅಂಥವನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಹಾಕಬೇಕಾಯಿತು. ೨೦೧೯ರ ಸೆಪ್ಟೆಂಬರಿನಲ್ಲಿ, ತಾಯಿತಂದೆಗಳ ಅನುಮತಿಯಿಲ್ಲದೆ ಮಕ್ಕಳ ಮಾಹಿತಿಯನ್ನು ಸಂಗ್ರಹಿಸಿದ ಆರೋಪದ ಸಂಬಂಧದಲ್ಲಿ ಗೂಗಲ್ ಮತ್ತು ಯೂಟ್ಯೂಬುಗಳು ಅಮೆರಿಕದ ಅಧಿಕಾರಿಗಳೊಡನೆ ರಾಜಿಗೆ ಬಂದು ೧೭ ಕೋಟಿ ಡಾಲರುಗಳನ್ನು ತೆರಲು ಒಪ್ಪಿದುವು. ೨೦೨೦ರ ಜನವರಿಯಿಂದ ವೀಡಿಯೊಗಳ ಕರ್ತೃಗಳು ತಮ್ಮ ಕೃತಿಯು ಮಕ್ಕಳಿಗಾಗಿ ಮಾಡಿದುದೋ ಅಲ್ಲವೋ ಎಂಬುದನ್ನು ತಾವೇ ಸೂಚಿಸಬೇಕೆಂಬ ನಿಯಮವು ಬಂದಿತು.

ಈ ಸುಧಾರಣೆಗಳಿಂದ ಪ್ರಯೋಜನವಾಗಿಲ್ಲವೆಂದಲ್ಲ. ಆದರೆ 'ಮಕ್ಕಳಿಗಾಗಿ ಮಾಡಿದುದು' ಎಂಬುದು ಕರ್ತೃವಿನ ಉದ್ದೇಶವನ್ನು ಹೇಳುವ ಮಾತೇ ಹೊರತು ಕೃತಿಯ ಗುಣವನ್ನು ಹೇಳುವ ಮಾತಲ್ಲ. ಯಂತ್ರವು ಅಶ್ಲೀಲವನ್ನೂ ರಕ್ತಪಾತವನ್ನೂ ಒಂದು ಮಟ್ಟಿಗೆ ಗುರುತಿಸಬಲ್ಲುದು, ಅಸತ್ಯವನ್ನು ಗುರುತಿಸಲಾರದು. ಒಂದು ವೀಡಿಯೊ ಮುಗಿದೊಡನೆ ಮತ್ತೊಂದು ತಾನಾಗಿಯೇ ಮೊದಲಾಗುವುದಷ್ಟೆ. ಆ ಮುಂದಿನದನ್ನು ಆರಿಸುವ ಲೆಕ್ಕವು ಹಿಂದೆ ನೋಡಿದುದನ್ನು ಆಧರಿಸಿರುವುದೇ ಹೊರತು ಮಗುವಿನ ಊರನ್ನೂ ಮನೆಯ ಹಿತ್ತಿಲನ್ನೂ ಬಲ್ಲುದಲ್ಲ.

ಮಮ್ಮಟನು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿದುದು ಸಾಹಿತ್ಯಾಧ್ಯಾಪಕರಿಗೆಲ್ಲ ತಿಳಿದ ವಿಷಯ. ಪ್ರಭುವಿನಂತೆ ಆಜ್ಞಾಪಿಸುವುದೊಂದು, ಮಿತ್ರನಂತೆ ತಿಳಿಹೇಳುವುದೊಂದು, ಕಾಂತೆಯಂತೆ ಸರಸವಾಗಿ ಒಲಿಸುವುದೊಂದು. ಕಾವ್ಯವು ಈ ಮೂರನೆಯ ಬಗೆಯದು. ಕನ್ನಡದ ಮೊದಲ ಛಂದೋಗ್ರಂಥವಾದ 'ಛಂದೋಂಬುಧಿ'ಯಲ್ಲಿ ನಾಗವರ್ಮನು ಲಘುಗುರುಗಳ ಶಾಸ್ತ್ರವನ್ನೇ ತನ್ನ ಪ್ರಿಯೆಯನ್ನು ಸಂಬೋಧಿಸುತ್ತ ಹೇಳಿರುವುದು ಈ ತತ್ತ್ವಕ್ಕೆ ಒಂದು ಮನೋಹರವಾದ ನಿದರ್ಶನ. ಶಿಶುವಿನ ವೀಡಿಯೊ ಕೂಡ ಈ ಮೂರನೆಯ ಮಾರ್ಗದಲ್ಲಿಯೇ ನಡೆಯುತ್ತದೆ: ಬಣ್ಣ, ರಾಗ, ಕುಣಿತಗಳಿಂದ ಒಲಿಸಿ ಒಳಗೆ ಇಳಿಯುತ್ತದೆ. ಆಜ್ಞೆಯನ್ನು ಮಗುವು ಎದುರಿಸಬಲ್ಲುದು. ಸ್ನೇಹಿತನ ಮಾತನ್ನು ಪ್ರಶ್ನಿಸಬಲ್ಲುದು. ಒಲಿಸಿ ಹೇಳಿದುದನ್ನು ಪರೀಕ್ಷಿಸದೆಯೇ ನಂಬುತ್ತದೆ. ಆದುದರಿಂದ ಮೂರನೆಯ ಬಗೆಯ ಉಪದೇಶದಲ್ಲಿ ಅಸತ್ಯವು ಸೇರಿದರೆ ಅದರ ಅಪಾಯವು ಉಳಿದೆರಡರಲ್ಲಿರುವುದಕ್ಕಿಂತ ಹೆಚ್ಚು.

೩

ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವಿತವೆಂದು ಸ್ಥಾಪಿಸಿ, ಪದ ವಾಕ್ಯ ಅಲಂಕಾರಾದಿಗಳಲ್ಲಿ ಅದನ್ನು ಶೋಧಿಸುವಾಗ ದೇಶ, ಕಾಲ, ಸ್ವಭಾವ, ಅವಸ್ಥೆ ಎಂಬಿವನ್ನೂ ಎಣಿಸಿದ್ದಾನೆ. ಒಂದೆಡೆ ಉಚಿತವಾದುದು ಮತ್ತೊಂದೆಡೆ ಅನುಚಿತವಾಗಬಹುದೆಂಬುದು ಇದರ ತಾತ್ಪರ್ಯ. ಶಿಶುಚಿತ್ರಗಳ ನಿರಪಾಯತೆಯನ್ನು ಅಳೆಯಲು ಈ ಅಳತೆಗೋಲಿಗಿಂತ ಉತ್ತಮವಾದುದು ಇಲ್ಲ. ಸಕಲೇಶಪುರ ಆಲೂರುಗಳ ಬೆಟ್ಟಸೀಮೆಯನ್ನೂ ಆನೆಯೆಂಬ ಒಂದೇ ವಸ್ತುವನ್ನೂ ತೆಗೆದುಕೊಂಡರೆ ಇದು ಸ್ಪಷ್ಟವಾಗುವುದು.

ಹಾಸನ ಜಿಲ್ಲೆಯ ಪಶ್ಚಿಮಕ್ಕಿರುವ ಈ ಎರಡು ತಾಲ್ಲೂಕುಗಳಲ್ಲಿ ಕಾಫಿ, ಏಲಕ್ಕಿ, ಮೆಣಸಿನ ತೋಟಗಳೂ ಗದ್ದೆಗಳೂ ತುಂಡುತುಂಡಾದ ಕಾಡುಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. ಗೊರೂರಿನ ಅಣೆಕಟ್ಟಿನ ಹಿಂದೆ ಹೇಮಾವತಿಯ ಹಿನ್ನೀರು ಹರಡಿದೆ. ಕಾಡಾನೆಗಳು ಹಗಲು ತೋಟದ ನೆರಳಿನಲ್ಲಿ ನಿಂತು ರಾತ್ರಿ ಗದ್ದೆಗಿಳಿಯುವುದು ಇಲ್ಲಿ ವಾರ್ತೆಯಲ್ಲ, ದಿನಚರಿ. ಕರ್ನಾಟಕದ ಉಚ್ಚನ್ಯಾಯಾಲಯದ ಆದೇಶದಂತೆ ನೇಮಕಗೊಂಡ ಆನೆ ಕಾರ್ಯಪಡೆಯು ೨೦೧೨ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ೨೦೧೪ರಲ್ಲಿ ಆಲೂರಿನ ಸುತ್ತಿನಿಂದ ೨೨ ಕಾಡಾನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಲಾಯಿತು. ಅನಂತರವೂ ಆನೆಗಳು ಬರುವುದು ನಿಲ್ಲಲಿಲ್ಲ. ೨೦೨೩ರ ಆಗಸ್ಟ್ ತಿಂಗಳಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಒಂದು ಸಲಗಕ್ಕೆ ಅರಿವಳಿಕೆ ಹೊಡೆಯಲು ಹೋದ, ಆ ಕೆಲಸದಲ್ಲಿ ಬಹುಕಾಲ ಪಳಗಿದ್ದ ಒಬ್ಬರು ಅದರ ತುಳಿತಕ್ಕೆ ಸಿಕ್ಕಿ ಮೃತರಾದರು. ಅದೇ ವರ್ಷದ ಡಿಸೆಂಬರ್ ೪ರಂದು, ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತಿದ್ದ ಅರ್ಜುನನೆಂಬ ಸಾಕಾನೆಯು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಹೋರಾಡಿ ಮಡಿಯಿತು. ಮನುಷ್ಯರಲ್ಲಿ ಅನುಭವಿಗಳೂ ಆನೆಗಳಲ್ಲಿ ವೀರನೆನಿಸಿದುದೂ ಉಳಿಯಲಾಗದ ಕಡೆಯಲ್ಲಿ, ಶಾಲೆಗೆ ತೋಟದ ದಾರಿಯಲ್ಲಿ ನಡೆದುಹೋಗುವ ಮಗುವಿಗೆ ಆನೆಯ ವಿಷಯದಲ್ಲಿ ಸರಿಯಾದ ತಿಳಿವಳಿಕೆಯಿರುವುದು ಪ್ರಾಣದ ಪ್ರಶ್ನೆಯೆಂದು ಬೇರೆ ಹೇಳಬೇಕಾಗಿಲ್ಲ.

ಇಂಥ ಮಗುವಿನ ಕೈಗೆ ಬರುವ ಚಿತ್ರಗೀತೆಗಳಲ್ಲಿ ಆನೆಯು ಹೇಗಿರುತ್ತದೆ? ಅದು ಗುಲಾಬಿ ಅಥವಾ ನೀಲಿ ಬಣ್ಣದ್ದು, ಎರಡು ಕಾಲ ಮೇಲೆ ನಿಂತು ಕುಣಿಯುವಂಥದು, ಟೊಪ್ಪಿಗೆಯಿಟ್ಟು ಸೈಕಲ್ಲೇರುವಂಥದು, ಬಾಳೆಹಣ್ಣು ಕೊಡಲು ಓಡಿಬರುವ ಮಗುವನ್ನು ಸೊಂಡಿಲಿನಿಂದ ಎತ್ತಿ ಬೆನ್ನಿನ ಮೇಲೆ ಕೂರಿಸಿಕೊಳ್ಳುವಂಥದು. ಅಶ್ಲೀಲವಿಲ್ಲ, ರಕ್ತವಿಲ್ಲ, ಕೆಟ್ಟ ಮಾತಿಲ್ಲ. ಯಂತ್ರದ ಜರಡಿಯಲ್ಲಿ ಇದು ಸರ್ವಥಾ ನಿರಪಾಯ. ಪಟ್ಟಣದ ಐದನೆಯ ಮಹಡಿಯಲ್ಲಿ ಕುಳಿತ ಮಗುವಿಗೆ ಇದರಿಂದ ಕೇಡಿಲ್ಲವೆಂದೇ ಒಪ್ಪಬಹುದು. ಆದರೆ ಬಾಳೆಹಣ್ಣನ್ನು ಹಿಡಿದು ಆನೆಯ ಹತ್ತಿರಕ್ಕೆ ಓಡುವುದೆಂಬ ಅದೇ ಕ್ರಿಯೆಯು ಆಲೂರಿನ ತೋಟದಂಚಿನ ಮಗುವಿಗೆ ಮೃತ್ಯುವಿನ ಉಪದೇಶವಾಗುತ್ತದೆ. ಕೃತಿಯು ಒಂದೇ, ದೇಶವು ಬೇರೆಯಾದುದರಿಂದ ಗುಣವು ದೋಷವಾಯಿತು. ಇದನ್ನು ದೇಶಾನೌಚಿತ್ಯವೆನ್ನದೆ ಮತ್ತೇನೆನ್ನಬೇಕು?

ಇಲ್ಲಿ ಇನ್ನೊಂದು ವಿಪರ್ಯಾಸವನ್ನೂ ಗಮನಿಸತಕ್ಕದ್ದು. ಆನೆಯ ಹಾಡನ್ನು ಹುಡುಕಿದವರಿಗೆ, ಸಾಮಾನ್ಯ ಯೂಟ್ಯೂಬಿನಲ್ಲಿ, ಕಾಡಾನೆಯ ದಾಳಿಯ ನಿಜವಾದ ದೃಶ್ಯಗಳು ಮುಂದಿನವಾಗಿ ಬರುವುದು ಅಸಂಭವವಲ್ಲ. ಒಂದು ಕ್ಷಣದ ಹಿಂದೆ ಕುಣಿದ ಪ್ರಾಣಿಯು ಮರುಕ್ಷಣದಲ್ಲಿ ಮನುಷ್ಯನನ್ನು ಅಟ್ಟಿಸಿಕೊಂಡು ಬರುವುದನ್ನು ಕಂಡ ಶಿಶುವಿಗೆ ಭಯವುಂಟಾಗುವುದೇ ವಿನಾ ಜ್ಞಾನವುಂಟಾಗುವುದಿಲ್ಲ. ಅತಿಸಖ್ಯವೂ ಅತಿಭಯವೂ ಸಮಾನವಾಗಿ ಅಜ್ಞಾನದ ಮಕ್ಕಳು. ಆನೆಯನ್ನು ಗೆಳೆಯನೆಂದು ನಂಬಿದವನು ಹತ್ತಿರ ಹೋಗುತ್ತಾನೆ. ರಾಕ್ಷಸನೆಂದು ನಂಬಿದವನು ಬೆದರಿ ದಾರಿಗೆಟ್ಟು ಓಡುತ್ತಾನೆ, ಬೆಳೆದಮೇಲೆ ಅದಕ್ಕೆ ಕಲ್ಲು ಬೆಂಕಿಗಳನ್ನೆಸೆಯುತ್ತಾನೆ. ಅದು ಎಲ್ಲಿ ನಿಲ್ಲುತ್ತದೆ, ಏಕೆ ಬರುತ್ತದೆ, ಯಾವಾಗ ದೂರವಿರಬೇಕು ಎಂಬುದನ್ನು ಇಬ್ಬರೂ ಅರಿಯರು.

೪

ಹಾಗಾದರೆ ಪ್ರಾಚೀನರ ಶಿಶುಸಾಹಿತ್ಯದಲ್ಲಿ ಆನೆಯು ಮಾತನಾಡಲಿಲ್ಲವೇ, ಅದೂ ಅಸತ್ಯವೇ ಅಲ್ಲವೇ ಎಂದು ಕೇಳಬಹುದು. ಆಕ್ಷೇಪವು ಯುಕ್ತವಾದುದೇ. ಇದಕ್ಕೆ ಪಂಚತಂತ್ರದ ಮೂರನೆಯ ತಂತ್ರದಲ್ಲಿ ಬರುವ ಗಜಶಶಕಗಳ ಕಥೆಯೇ ಸಮಾಧಾನ ಹೇಳುತ್ತದೆ. ಬಹುವರ್ಷಗಳ ಅನಾವೃಷ್ಟಿಯಿಂದ ಬಳಲಿದ ಆನೆಯ ಹಿಂಡು ಚತುರ್ದಂತನೆಂಬ ಯೂಥಪತಿಯೊಡನೆ ಹೊಸ ಸರೋವರವನ್ನು ಹುಡುಕಿಕೊಂಡು ಬರುತ್ತದೆ; ಅದರ ದಂಡೆಯಲ್ಲಿದ್ದ ಮೊಲಗಳ ಬಿಲಗಳು ಆನೆಗಳ ಕಾಲಿಗೆ ಸಿಕ್ಕಿ ನುಚ್ಚುನೂರಾಗುತ್ತವೆ; ಅನಂತರ ವಿಜಯನೆಂಬ ಮೊಲವು ಚಂದ್ರನ ದೂತನೆಂದು ಹೇಳಿಕೊಂಡು ಯುಕ್ತಿಯಿಂದ ಹಿಂಡನ್ನು ಹಿಂದಿರುಗಿಸುತ್ತದೆ. ಮೊಲವು ಮಾತನಾಡಿದುದು ಕಲ್ಪನೆ. ಚಂದ್ರನ ದೌತ್ಯವು ಕಲ್ಪನೆ. ಆದರೆ ಆನೆಗಳು ನೀರಿಗಾಗಿ ಬಂದುವು, ಹಗೆಯಿಂದ ಬರಲಿಲ್ಲ. ತುಳಿದುದು ಅರಿಯದೆ, ಆದರೂ ತುಳಿತಕ್ಕೆ ಸಿಕ್ಕವರು ಸತ್ತರು. ಬಲದಿಂದ ಅವನ್ನು ಎದುರಿಸಲಾಗದು, ಬುದ್ಧಿಯಿಂದ ದೂರವಿರಿಸಬೇಕು — ಈ ಮೂರೂ ಸತ್ಯಗಳು. ಕಲ್ಪನೆಯು ಪಾತ್ರದ ಬಾಯಲ್ಲಿದೆ, ಸ್ವಭಾವದಲ್ಲಿಲ್ಲ. ಹೇಮಾವತಿಯ ಹಿನ್ನೀರಿನ ದಂಡೆಯ ಮಗುವಿಗೆ ಈ ಕಥೆಯನ್ನು ಹೇಳಿದರೆ ಅದು ತನ್ನ ಊರಿನ ಕಥೆಯೆಂದೇ ತಿಳಿಯುವುದರಲ್ಲಿ ಸಂಶಯವಿಲ್ಲ.

ಕನ್ನಡದ ಮನೆಮನೆಯಲ್ಲಿ ಪ್ರಸಿದ್ಧವಾದ ಜನಪದ ಶಿಶುಗೀತೆಯೊಂದರಲ್ಲಿಯೂ ಇದೇ ವಿವೇಕವು ಕಂಡುಬರುತ್ತದೆ. ಬಂದ ಆನೆಯನ್ನು ಅದು ಯಾವ ಊರಿನದೆಂದು ಪ್ರಶ್ನಿಸಿ, ಊರಿನ ಹೆಸರನ್ನು ಹೇಳಿ, ಬಂದ ಕಾರಣವನ್ನು ವಿಚಾರಿಸುವ ರೀತಿಯಲ್ಲಿ ಆ ಹಾಡು ಬೆಳೆಯುತ್ತದೆ. ಊರಿನ ಹೆಸರು ಪಾಠಪಾಠಕ್ಕೆ ಬೇರೆಯಾಗುತ್ತದೆ. ಇಲ್ಲಿನ ಆನೆಗೆ ಊರಿದೆ ಎಂಬುದು ಮುಖ್ಯ. ಊರಿದ್ದ ಆನೆಗೆ ಒಡೆಯನೂ ಮಾವುತನೂ ಇರುತ್ತಾರೆ. ಅದು ಬೀದಿಯಲ್ಲಿ ಬರುವ ಮಠದ ಅಥವಾ ದೇವಸ್ಥಾನದ ಆನೆ. ಒಂಟಿಸಲಗವನ್ನು ಯಾರೂ ಯಾವೂರಿನದೆಂದು ಕೇಳುವುದಿಲ್ಲ. ಹೀಗೆ ಒಂದು ಸಣ್ಣ ಪ್ರಶ್ನೆಯಿಂದಲೇ ಜನಪದ ಕವಿಯು ಸಾಕಾನೆಯನ್ನೂ ಕಾಡಾನೆಯನ್ನೂ ಬೇರ್ಪಡಿಸಿಟ್ಟಂತಾಗಿದೆ. ಇದೇ ಹಾಡನ್ನು ಚಲಚ್ಚಿತ್ರಕ್ಕೆ ಅಳವಡಿಸುವಾಗ ಮಾವುತನನ್ನು ಬಿಟ್ಟು, ಹಿನ್ನೆಲೆಗೆ ದಟ್ಟವಾದ ಕಾಡನ್ನು ಬರೆದು, ಮಕ್ಕಳನ್ನು ಆನೆಯ ಸುತ್ತ ಕುಣಿಸಿದರೆ ಮಾತು ಹಾಗೆಯೇ ಉಳಿದರೂ ಅರ್ಥವು ತಲೆಕೆಳಗಾಗುತ್ತದೆ. ಚಿತ್ರವು ಮಾತಿಗೆ ಬರೆದ ವ್ಯಾಖ್ಯಾನ. ವ್ಯಾಖ್ಯಾನವು ಮೂಲವನ್ನು ಕೆಡಿಸಬಲ್ಲುದೆಂಬುದು ಶಾಸ್ತ್ರಗ್ರಂಥಗಳನ್ನು ಬಲ್ಲವರಿಗೆ ಹೊಸ ಮಾತಲ್ಲ.

ಗಜಶಾಸ್ತ್ರದ ಪರಂಪರೆಯೂ ಇಲ್ಲಿ ಸ್ಮರಣೀಯ. ನೀಲಕಂಠನ 'ಮಾತಂಗಲೀಲೆ'ಯ ಆರಂಭದಲ್ಲಿ, ಅಂಗದೇಶದ ಬೆಳೆಗಳನ್ನು ಕಾಡಾನೆಗಳು ಹಾಳುಮಾಡುತ್ತಿವೆಯೆಂದು ಪ್ರಜೆಗಳು ದೂರಿಡಲು ರೋಮಪಾದರಾಜನು ಅವನ್ನು ಹಿಡಿಸಿ ಕಟ್ಟಿಸುತ್ತಾನೆ. ಆ ಆನೆಗಳೊಡನೆ ಕಾಡಿನಲ್ಲಿ ಬೆಳೆದಿದ್ದ ಪಾಲಕಾಪ್ಯ ಮುನಿಯು ಅವನ್ನು ಅರಸಿಕೊಂಡು ಬಂದು ಅವುಗಳ ಗಾಯಗಳಿಗೆ ಔಷಧ ಹಚ್ಚುತ್ತಾನೆ. ಬೆಳೆಗೆಟ್ಟವನ ದುಃಖವೂ ಸೆರೆಸಿಕ್ಕ ಆನೆಯ ದುಃಖವೂ ಒಂದೇ ಕಥೆಯಲ್ಲಿ ಸ್ಥಾನ ಪಡೆದಿವೆ. ೨೦೧೪ರ ಆಲೂರಿನ ವೃತ್ತಾಂತಕ್ಕೂ ಇದಕ್ಕೂ ಇರುವ ಸಾದೃಶ್ಯವನ್ನು ವಿವರಿಸಬೇಕಾಗಿಲ್ಲ. ಗಂಗರ ಇಮ್ಮಡಿ ಶಿವಮಾರನು ರಚಿಸಿದ ಗಜಾಷ್ಟಕವು ಓವನಿಗೆಯಾಗಿಯೂ ಒನಕೆವಾಡಾಗಿಯೂ ಪ್ರಸಿದ್ಧವಾಗಿತ್ತೆಂದು ಶಾಸನದಿಂದ ತಿಳಿಯುತ್ತದೆ. ಕೃತಿಯು ದೊರೆತಿಲ್ಲವಾಗಿ ಅದರ ವಸ್ತುವನ್ನು ಊಹಿಸುವುದು ಸಲ್ಲದು. ಆದರೆ ಆನೆಯನ್ನು ಕುರಿತ ರಾಜಕವಿಯ ಕೃತಿಯೊಂದು ಒರಳಿನ ಮುಂದಿನ ಹೆಂಗಸರ ಹಾಡಾಯಿತೆಂಬುದೇ ಒಂದು ಪಾಠ. ಶಾಸ್ತ್ರವು ಹಾಡಾಗಿ ಮನೆಯೊಳಕ್ಕೆ ಬರುವುದು ಈ ನಾಡಿನಲ್ಲಿ ಸಾಧ್ಯವಿತ್ತು. ಇಂದು ಮೊಬೈಲಿನ ಹಾಡಿಗೆ ಅದು ಸಾಧ್ಯವಿಲ್ಲವೆನ್ನಲು ಕಾರಣವಿಲ್ಲ.

೫

ವಸ್ತುವಿನ ಅನೌಚಿತ್ಯವು ಹೀಗಿದ್ದರೆ, ಭಾಷೆಯ ಅನೌಚಿತ್ಯವು ಇನ್ನೂ ಸೂಕ್ಷ್ಮವಾದುದು. ಇಂಗ್ಲಿಷಿನ ಶಿಶುಗೀತೆಗಳ ಮಟ್ಟಿಗೇ ಕನ್ನಡ ಮಾತುಗಳನ್ನು ಹೊಂದಿಸಿದ ವೀಡಿಯೊಗಳು ಹೇರಳವಾಗಿವೆ. ಇಂಗ್ಲಿಷಿನ ಪದ್ಯವು ಸ್ವರಾಘಾತವನ್ನು ನಂಬಿದೆ. ಕನ್ನಡದ ಲಯವು ಮಾತ್ರೆಗಳನ್ನು ನಂಬಿದೆ. ಆಘಾತ ಬೀಳುವ ಸ್ಥಾನದಲ್ಲಿ ಕನ್ನಡದ ಲಘ್ವಕ್ಷರವು ಬಂದಾಗ ಹಾಡುವವರು ಅದನ್ನು ಎಳೆಯುತ್ತಾರೆ. ಆಗ ನರಿಯು ನಾರಿಯಾಗುತ್ತದೆ, ಕರುವು ಕಾರಾಗುತ್ತದೆ, ಮರವು ಮಾರವಾಗುತ್ತದೆ. ಸಂಗೀತದಲ್ಲಿ ಸ್ವರವನ್ನು ಎಳೆಯುವುದು ಸಹಜವಲ್ಲವೇ ಎಂದರೆ, ಸಹಜವೇ, ಜೋಗುಳದಲ್ಲಿಯೂ ಎಳೆತವುಂಟು. ಆದರೆ ಪದವನ್ನು ಮೊದಲೇ ಬಲ್ಲವನಿಗೆ ಎಳೆತವು ಅಲಂಕಾರ. ಪದವನ್ನು ಆ ಹಾಡಿನಲ್ಲಿಯೇ ಮೊದಲ ಬಾರಿ ಕೇಳುವ ಶಿಶುವಿಗೆ ಅದೇ ಪದದ ರೂಪ. ಹ್ರಸ್ವದೀರ್ಘಗಳ ಭೇದದಿಂದ ಅರ್ಥಭೇದವಾಗುವ ಭಾಷೆಯಲ್ಲಿ ಇದು ಅಲ್ಪದೋಷವಲ್ಲ.

ಲಕಾರ ಳಕಾರಗಳ ವಿಷಯವೂ ಹಾಗೆಯೇ. ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಳಕಾರದ ಬಗೆಗಳನ್ನು ಅಷ್ಟು ಶ್ರದ್ಧೆಯಿಂದ ವಿವೇಚಿಸಿದುದು ಪಾಂಡಿತ್ಯಪ್ರದರ್ಶನಕ್ಕಲ್ಲ. ಹುಲಿಗೂ ಹುಳಿಗೂ, ಬಲೆಗೂ ಬಳೆಗೂ ಇರುವ ಅಂತರವು ಅದರ ಮೇಲೆಯೇ ನಿಂತಿದೆ. ಕನ್ನಡವನ್ನು ಚೆನ್ನಾಗಿ ಅರಿಯದವರಿಂದ ಅಥವಾ ಯಂತ್ರದಿಂದಲೇ ಓದಿಸಿದ ಧ್ವನಿಯಲ್ಲಿ ಈ ಅಂತರವು ಅಳಿದುಹೋದರೆ, ಮನೆಯಲ್ಲಿ ಬೇರೊಂದು ಭಾಷೆಯನ್ನಾಡುವ ಮಕ್ಕಳಿಗೆ ಹೆಚ್ಚಿನ ನಷ್ಟವಾಗುತ್ತದೆ. ಸಕಲೇಶಪುರದ ತೋಟಗಳ ಲೈನುಮನೆಗಳಲ್ಲಿ ತಮಿಳು, ತುಳು ಮುಂತಾದ ಮಾತುಗಳ ಮಕ್ಕಳೂ ಇರುವರು. ಅವರಿಗೆ ಶಾಲೆಗೆ ಸೇರುವ ಮುನ್ನ ಕನ್ನಡದ ಪರಿಚಯವಾಗುವ ದಾರಿಗಳಲ್ಲಿ ಈ ಹಾಡುಗಳೂ ಒಂದು. ಆದುದರಿಂದ ಉಚ್ಚಾರಣೆಯ ಶುದ್ಧಿಯು ಇಲ್ಲಿ ವೈಯಾಕರಣನ ಹಟವಲ್ಲ, ಬಡವರ ಮಕ್ಕಳ ಹಕ್ಕು.

ಪಂಜೆಯವರ, ರಾಜರತ್ನಂ ಅವರ ಶಿಶುಗೀತೆಗಳು ಇಂದಿಗೂ ಮಕ್ಕಳ ನಾಲಗೆಯ ಮೇಲೆ ನಿಂತಿರುವುದಕ್ಕೆ ಕಾರಣವನ್ನು ಈ ದೃಷ್ಟಿಯಿಂದಲೇ ಕಾಣಬಹುದು. ಅಲ್ಲಿನ ನಡೆಯು ಆಡುಮಾತಿನ ಮಾತ್ರಾಗತಿಯಿಂದಲೇ ಹುಟ್ಟಿದೆ. ಪದವು ತನ್ನ ಸಹಜವಾದ ಅಳತೆಯಲ್ಲಿಯೇ ತಾಳಕ್ಕೆ ಕೂಡುತ್ತದೆ. ಪ್ರಾಸವು ಮಗುವಿನ ನೆನಪಿಗೆ ಊರುಗೋಲಾಗುತ್ತದೆ. ವೀಡಿಯೊ ಮಾಡುವವರು ಮಟ್ಟನ್ನು ಮೊದಲು ಆರಿಸಿ ಮಾತನ್ನು ಅದಕ್ಕೆ ತುರುಕುವುದನ್ನು ಬಿಟ್ಟು, ಮಾತಿನ ನಡೆಯನ್ನು ಮೊದಲು ಕಂಡುಕೊಂಡು ಮಟ್ಟನ್ನು ಅದಕ್ಕೆ ಹೊಂದಿಸಿದರೆ ಅರ್ಧ ದೋಷವು ತಾನಾಗಿಯೇ ಕಳೆಯುವುದು.

೬

ವಸ್ತುವೂ ಭಾಷೆಯೂ ನಿರ್ದೋಷವಾಗಿದ್ದಮಾತ್ರಕ್ಕೆ ಶಿಶುವನ್ನು ಪರದೆಯ ಮುಂದೆ ಕೂರಿಸಿ ಹೋಗಬಹುದೇ? ಆಧುನಿಕ ಶಾಸ್ತ್ರಜ್ಞರ ಪ್ರಯೋಗಗಳು ಇದಕ್ಕೆ ಅನುಕೂಲವಾಗಿಲ್ಲ. ಪೆಟ್ರೀಷಿಯಾ ಕುಲ್ ಮತ್ತು ಅವರ ಸಂಗಡಿಗರು ೨೦೦೩ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂಬತ್ತು ತಿಂಗಳ ಅಮೆರಿಕದ ಶಿಶುಗಳಿಗೆ ಚೀನೀ ಭಾಷೆಯನ್ನು ಕೆಲವರಿಗೆ ಎದುರಿಗೆ ಕುಳಿತ ವ್ಯಕ್ತಿಯ ಬಾಯಿಂದಲೂ ಕೆಲವರಿಗೆ ವೀಡಿಯೊದ ಮೂಲಕವೂ ಕೇಳಿಸಲಾಯಿತು. ಎದುರಿನ ವ್ಯಕ್ತಿಯಿಂದ ಕೇಳಿದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಗುರುತಿಸಬಲ್ಲವಾದುವು. ವೀಡಿಯೊದಿಂದ ಕೇಳಿದುವು ಆಗಲಿಲ್ಲ. ಜುಡಿ ಡಿಲೋಷ್ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಪದ ಕಲಿಸುವುದೆಂದು ಮಾರಾಟವಾಗುತ್ತಿದ್ದ ಶಿಶುಚಿತ್ರವನ್ನು ತಿಂಗಳು ಕಾಲ ನೋಡಿದ ಮಕ್ಕಳು ನೋಡದವರಿಗಿಂತ ಹೆಚ್ಚು ಪದಗಳನ್ನು ಕಲಿಯಲಿಲ್ಲ. ಚಿತ್ರವಿಲ್ಲದೆ ತಾಯಿತಂದೆಗಳೇ ಕಲಿಸಿದ ಮಕ್ಕಳು ಹೆಚ್ಚು ಕಲಿತರು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ, ಒಂದು ವರ್ಷದ ಶಿಶುವಿಗೆ ಪರದೆಯೇ ಬೇಡವೆಂದೂ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದೆಂದೂ ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದೆಂದೂ ಸೂಚಿಸಿತು. ಗುರುಮುಖದಿಂದ ಪಡೆಯದ ವಿದ್ಯೆಯು ಫಲಿಸದೆಂಬ ಹಳೆಯ ನಂಬಿಕೆಗೆ ಶೈಶವದ ಮಟ್ಟಿಗಾದರೂ ಪ್ರಯೋಗದ ಬೆಂಬಲ ದೊರೆತಂತಾಯಿತು.

ಹೀಗೆಂದು ಪರದೆಯನ್ನು ಸರ್ವಥಾ ನಿಷೇಧಿಸಬೇಕೆಂದು ವಾದಿಸುವುದು ಲೋಕವ್ಯವಹಾರಕ್ಕೆ ಒಪ್ಪುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲಿ ಕಾಫಿ ಕೊಯ್ಯುವ ತಾಯಿಯು ಅಡಿಗೆಯ ಹೊತ್ತಿನಲ್ಲಿ ಮಗುವಿನ ಕೈಗೆ ಮೊಬೈಲು ಕೊಟ್ಟರೆ ಅವಳನ್ನು ದೂಷಿಸುವ ಅಧಿಕಾರ ಪಂಡಿತರಿಗಿಲ್ಲ. ಅವಳಿಗೆ ಕೊಡಬೇಕಾದುದು ನಿಂದೆಯಲ್ಲ, ಆರಿಸಿಟ್ಟ ಹತ್ತು ಒಳ್ಳೆಯ ಚಿತ್ರಗಳು. ಯೂಟ್ಯೂಬ್ ಕಿಡ್ಸ್ ವ್ಯವಸ್ಥೆಯಲ್ಲಿ ಹಿರಿಯರು ಒಪ್ಪಿ ಆರಿಸಿದುವನ್ನು ಮಾತ್ರ ಮಗುವಿಗೆ ತೋರಿಸುವ, ಹುಡುಕಾಟವನ್ನು ಮುಚ್ಚಿಡುವ, ಕಾಲಮಿತಿಯನ್ನು ಗೊತ್ತುಮಾಡುವ ಏರ್ಪಾಡುಗಳುಂಟು. ಅವನ್ನು ಬಳಸಬೇಕಾದರೆ ಆರಿಸತಕ್ಕವರು ಬೇಕು; ಆ ಆಯ್ಕೆಯೇ ವಿಮರ್ಶೆ.

ಆಯ್ಕೆಗೆ ಆಕರಗಳೂ ಇಲ್ಲದಿಲ್ಲ. ಪ್ರಥಮ್ ಬುಕ್ಸ್ ಸಂಸ್ಥೆಯು ೨೦೧೫ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಭಂಡಾರದಲ್ಲಿ ಕನ್ನಡದ ಸಚಿತ್ರ ಕಥೆಗಳು ಉಚಿತವಾಗಿ ದೊರೆಯುತ್ತವೆ. ಅಲ್ಲಿನ ಚಿತ್ರಗಳನ್ನು ಬಳಸಿ ಹೊಸ ಕಥೆ ಬರೆಯಲೂ ಇರುವ ಕಥೆಯನ್ನು ಅನುವಾದಿಸಲೂ ಯಾರಿಗಾದರೂ ಅವಕಾಶವಿದೆ. 'ಬುಕ್‌ಬಾಕ್ಸ್' ಸಂಸ್ಥೆಯ ಚಲಚ್ಚಿತ್ರಕಥೆಗಳಲ್ಲಿ ಕೇಳುವ ಮಾತೇ ಅದೇ ಭಾಷೆಯ ಅಕ್ಷರಗಳಾಗಿ ಪರದೆಯ ಕೆಳಗೆ ಮೂಡುವುದರಿಂದ ಅಕ್ಷರಾಭ್ಯಾಸಕ್ಕೆ ತೊಡಗಿದ ಮಕ್ಕಳಿಗೆ ಅವು ವಿಶೇಷವಾಗಿ ಉಪಯುಕ್ತ. ೨೦೨೦ರಲ್ಲಿ ಶಾಲೆಗಳು ಮುಚ್ಚಿದ್ದಾಗ ಕರ್ನಾಟಕದ ಶಿಕ್ಷಣ ಇಲಾಖೆಯು 'ಮಕ್ಕಳ ವಾಣಿ' ಎಂಬ ಯೂಟ್ಯೂಬು ವಾಹಿನಿಯನ್ನು ತೆರೆದು ಕಥೆ ಹಾಡು ಆಟಗಳನ್ನು ಪ್ರಸಾರಮಾಡಿತು. ಇವೆಲ್ಲವೂ ಸ್ತುತ್ಯವಾದ ಪ್ರಯತ್ನಗಳೇ. ಆದರೆ ಯಾವುದನ್ನೂ ಹೆಸರಿನ ಬಲದಿಂದಲೇ ಒಪ್ಪದೆ ಕೃತಿಕೃತಿಯನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುವುದು ವಿಮರ್ಶಕನ ಧರ್ಮ.

ಪರೀಕ್ಷೆಯ ಕ್ರಮವನ್ನು ಮೇಲಣ ವಿವೇಚನೆಯಿಂದಲೇ ಸಂಗ್ರಹಿಸಬಹುದು. ಮೊದಲನೆಯದಾಗಿ, ಕೃತಿಯಲ್ಲಿ ಕಲ್ಪಿತವಾದುದು ಪಾತ್ರದ ಮಾತೋ, ಪದಾರ್ಥದ ಸ್ವಭಾವವೋ ಎಂಬುದನ್ನು ನೋಡಬೇಕು. ಮಾತಾದರೆ ಗ್ರಾಹ್ಯ, ಪ್ರಾಣಕ್ಕೆ 'ಎರವಾಗುವ' ಸ್ವಭಾವದೋಷವಾದರೆ ತ್ಯಾಜ್ಯ. ಎರಡನೆಯದಾಗಿ, ಅದು ಈ ಊರಿನ ಮಗುವಿಗೆ ಉಚಿತವೋ ಎಂದು ಕೇಳಬೇಕು. ಬೆಂಗಳೂರಿಗೆ ಸಲ್ಲುವುದೆಲ್ಲ ಬಿಸಿಲೆಯ ಕಾಡಿನ ಅಂಚಿಗೆ ಸಲ್ಲದು. ಮೂರನೆಯದಾಗಿ, ಕಣ್ಣು ಮುಚ್ಚಿ ಕೇಳಿ, ಪದಗಳ ಹ್ರಸ್ವದೀರ್ಘಗಳೂ ಲಳಗಳೂ ಸರಿಯಾಗಿವೆಯೋ ಎಂದು ಪರಿಶೀಲಿಸಬೇಕು. ನಾಲ್ಕನೆಯದಾಗಿ, ಶಬ್ದವನ್ನು ನಿಲ್ಲಿಸಿ ನೋಡಿ, ಚಿತ್ರವು ಮಾತಿಗೆ ಸಮ್ಮತವಾದ ವ್ಯಾಖ್ಯಾನವೋ ವಿರುದ್ಧವೋ ಎಂದು ತಿಳಿಯಬೇಕು. ಕೊನೆಯದಾಗಿ, ಚಿತ್ರ ಮುಗಿದಮೇಲೆ ಮಗುವಿಗೆ ಕೇಳಲು ಒಂದು ಪ್ರಶ್ನೆಯೂ ಹಿರಿಯರಿಗೆ ಹೇಳಲು ಒಂದು ಮಾತೂ ಉಳಿಯುವುದೋ ಎಂಬುದನ್ನು ಗಮನಿಸಬೇಕು. ಏನೂ ಉಳಿಯದೆ ಮತ್ತೊಂದು ಚಿತ್ರದ ಹಸಿವು ಮಾತ್ರ ಉಳಿಯುವುದಾದರೆ ಅದು ಬೋಧಕವೆಂಬ ಹೆಸರಿಗೆ ಅರ್ಹವಲ್ಲ.

ಈ ಪರೀಕ್ಷೆಯು ಒಬ್ಬರಿಂದ ಆಗುವ ಕೆಲಸವಲ್ಲ. ಗ್ರಂಥವಿಮರ್ಶೆಗೆ ಪುಟಗಳನ್ನು ಮೀಸಲಿಡುವ ವಿದ್ವತ್ಪತ್ರಿಕೆಗಳು ಸಂಚಿಕೆಗೆ ಐದಾರು ಶಿಶುಚಿತ್ರಗಳನ್ನಾದರೂ ಇದೇ ಗಾಂಭೀರ್ಯದಿಂದ ವಿಮರ್ಶಿಸುವುದು ಅವಶ್ಯಕ. ಪ್ರತಿಯೊಂದು ಸೀಮೆಯ ಅಧ್ಯಾಪಕರು ತಮ್ಮ ಸೀಮೆಗೆ ಸಲ್ಲುವ ಆಯ್ಕೆಯನ್ನು ಸಿದ್ಧಪಡಿಸಿ ಅಂಗನವಾಡಿಗಳಿಗೆ ಮುಟ್ಟಿಸಬಹುದು. ಸಕಲೇಶಪುರ ಆಲೂರುಗಳ ಮಟ್ಟಿಗೆ ಮೊದಲು ಆಗಬೇಕಾದುದು ಕಾಡಾನೆಯನ್ನು ಕುರಿತ ಒಂದು ಸತ್ಯವಾದ, ಸರಸವಾದ ಕನ್ನಡ ಹಾಡು. ಅದರಲ್ಲಿ ಆನೆಯ ಗಾಂಭೀರ್ಯವೂ ಅದರ ಹಸಿವು ಬಾಯಾರಿಕೆಗಳೂ ಬರಲಿ. ತೋಟದೊಳಗೆ ಕೊಂಬೆ ಮುರಿಯುವ ಸದ್ದು ಕೇಳಿದರೆ ಮಗುವು ಮುಂದೆ ಹೋಗದೆ ಸದ್ದಿಲ್ಲದೆ ಮನೆಗೆ ಹಿಂದಿರುಗಬೇಕೆಂಬುದೂ ಬರಲಿ. ಆ ಸೀಮೆಯ ಹಿರಿಯರು ಬಲ್ಲ ಈ ತಿಳಿವಳಿಕೆಯನ್ನು ಮಾತ್ರೆಗೆ ಹೊಂದಿಸಿ ಬರೆಯಬಲ್ಲ ಕವಿಗಳೂ ರಾಗಕ್ಕೆ ಕೂಡಿಸಬಲ್ಲ ಗಾಯಕರೂ ಕನ್ನಡದಲ್ಲಿ ಇಲ್ಲದಿಲ್ಲ. ಅಂಥ ಹಾಡೊಂದು ಬಂದರೆ ಅದನ್ನು ಮೊದಲು ಪರೀಕ್ಷಿಸತಕ್ಕವರು ಆ ತೋಟಗಳ ದಾರಿಯಲ್ಲಿ ಶಾಲೆಗೆ ನಡೆಯುವ ಮಕ್ಕಳ ಉಪಾಧ್ಯಾಯರೇ ಆಗಬೇಕು.